ಇಡೀ ರಾತ್ರಿ ಒಡ್ಡೋಲಗ: ಕಥೆಯಿಲ್ಲದ ‘ಕ್ಯಾಟ್ಸ್’ ಇಪ್ಪತ್ತೊಂದು ವರ್ಷ ನಡೆದದ್ದು ಹೇಗೆ?

ಕನ್ನಡ ಸಾಹಿತ್ಯ ಓದಿದವರಿಗೆ ಟಿ.ಎಸ್. ಎಲಿಯಟ್ ಅಪರಿಚಿತರಲ್ಲ. ನವ್ಯ ಕಾವ್ಯದ ಮಾತು ಬಂದಲ್ಲೆಲ್ಲ ಗೋಪಾಲಕೃಷ್ಣ ಅಡಿಗರ ಹೆಸರಿನ ಹಿಂದೆಯೇ ಅವರ ಹೆಸರೂ ಬರುತ್ತದೆ. ಬರಡು ನೆಲ, ಬಿರುಕು ಬಿಟ್ಟ ನಾಗರಿಕತೆ, ಕೊನೆಗೆ ಉಪನಿಷತ್ತಿನಿಂದ ಎತ್ತಿಕೊಂಡ ‘ದತ್ತ, ದಯಧ್ವಂ, ದಮ್ಯತ’. ಎದುರಿಗೆ ಕೂತರೆ ಕೆಮ್ಮಲೂ ಹಿಂಜರಿಯಬೇಕು ಎನ್ನಿಸುವಂಥ ಕವಿ. ಆ ಕವಿಯೇ ಬೆಕ್ಕುಗಳ ಮೇಲೆ ಮಕ್ಕಳಿಗಾಗಿ ಪದ್ಯ ಬರೆದಿದ್ದರು; ಅವರು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ, 1983ರಲ್ಲಿ, ಆ ಪದ್ಯಗಳ ಬಾಬ್ತಿನಲ್ಲಿ ಅವರಿಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಎರಡು ಟೋನಿ ಪ್ರಶಸ್ತಿಗಳು ಬಂದವು. ಅದರಲ್ಲಿ ಒಂದು ಸಂಗೀತ ನಾಟಕದ ಅತ್ಯುತ್ತಮ ರಂಗಪಠ್ಯಕ್ಕೆ. ತಮಾಷೆಯೆಂದರೆ ಆ ನಾಟಕದಲ್ಲಿ ಹೇಳಿಕೊಳ್ಳುವಂಥ ಕಥೆಯೇ ಇಲ್ಲ.

ನಾಟಕದ ಹೆಸರು ‘ಕ್ಯಾಟ್ಸ್’. 1981ರ ಮೇ 11ರಂದು ಲಂಡನ್ನಿನ ಡ್ರೂರಿ ಲೇನ್‌ನಲ್ಲಿರುವ ನ್ಯೂ ಲಂಡನ್ ಥಿಯೇಟರ್‌ನಲ್ಲಿ ತೆರೆ ಕಂಡದ್ದು 2002ರ ಮೇ 11ರಂದು, ಸರಿಯಾಗಿ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ, 8,949ನೆಯ ಪ್ರದರ್ಶನದೊಂದಿಗೆ ಮುಗಿಯಿತು. ನ್ಯೂಯಾರ್ಕಿನ ವಿಂಟರ್ ಗಾರ್ಡನ್ ಥಿಯೇಟರ್‌ನಲ್ಲಿ 1982ರ ಅಕ್ಟೋಬರ್ 7ರಿಂದ 2000ದ ಸೆಪ್ಟೆಂಬರ್ 10ರವರೆಗೆ 7,485 ಪ್ರದರ್ಶನಗಳು ನಡೆದವು. ಕೂತು ಲೆಕ್ಕ ಹಾಕಿದರೆ ಎರಡೂ ಊರುಗಳಲ್ಲಿ ವಾರಕ್ಕೆ ಎಂಟು ಆಟದ ಆಸುಪಾಸು ಬರುತ್ತದೆ. ಅಂದರೆ ರಜೆ, ಜ್ವರ, ಹಿಮಪಾತ ಯಾವುದಕ್ಕೂ ಹೆಚ್ಚು ದಿನ ನಿಲ್ಲದೆ, ಒಂದು ತಲೆಮಾರು ಹುಟ್ಟಿ ಮತದಾನದ ವಯಸ್ಸಿಗೆ ಬರುವಷ್ಟು ಕಾಲ, ಅದೇ ಬೆಕ್ಕುಗಳು ಅದೇ ಹಾಡಿಗೆ ಕುಣಿದಿವೆ. ಲಂಡನ್ ಮತ್ತು ಬ್ರಾಡ್‌ವೇ ಎರಡರಲ್ಲೂ ಅತಿ ದೀರ್ಘಕಾಲ ನಡೆದ ಸಂಗೀತ ನಾಟಕವೆಂಬ ದಾಖಲೆ ವರ್ಷಗಟ್ಟಲೆ ಇದರ ಹೆಸರಿನಲ್ಲೇ ಇತ್ತು. ಮುಂದೆ ಬೇರೆ ನಾಟಕಗಳು ಅದನ್ನು ದಾಟಿದವು.

ಕಥೆಯಿಲ್ಲದ ನಾಟಕವೊಂದು ಇಷ್ಟು ಕಾಲ ನಡೆದದ್ದು ಹೇಗೆ? ‘ಕಥೆ ಇಲ್ಲದಿದ್ದರೂ’ ನಡೆಯಿತು ಎನ್ನುವುದು ಸಾಮಾನ್ಯ ಉತ್ತರ. ಕಥೆ ಇಲ್ಲದ್ದರಿಂದಲೇ ನಡೆಯಿತು ಎಂಬುದು ನನ್ನ ಲೆಕ್ಕಾಚಾರ. ಅದನ್ನು ಬಿಡಿಸಿ ಹೇಳಬೇಕಾದರೆ ಮೊದಲು ಪುಸ್ತಕಕ್ಕೆ ಹೋಗಬೇಕು.

1930ರ ದಶಕದಲ್ಲಿ ಎಲಿಯಟ್ ಲಂಡನ್ನಿನ ಫೇಬರ್ ಪ್ರಕಾಶನ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರು. ಸ್ವಂತ ಮಕ್ಕಳಿರಲಿಲ್ಲ, ಗೆಳೆಯರ ಮಕ್ಕಳಿಗೆ ಧರ್ಮಪಿತನಾಗಿದ್ದರು. ಆ ಮಕ್ಕಳಿಗೆ ಬರೆಯುವ ಕಾಗದಗಳಲ್ಲಿ ಬೆಕ್ಕುಗಳ ಮೇಲೆ ಪದ್ಯ ಕಟ್ಟಿ ಕಳಿಸುತ್ತಿದ್ದರು. ಕವಿಮಿತ್ರ ಎಜ್ರಾ ಪೌಂಡ್ ಅವರಿಗೆ ಇಟ್ಟಿದ್ದ ಅಡ್ಡಹೆಸರು ‘ಪಾಸಮ್’, ಅಪಾಯ ಕಂಡರೆ ಸತ್ತಂತೆ ನಟಿಸುವ ಅಮೆರಿಕದ ಒಂದು ಪ್ರಾಣಿ. 1939ರಲ್ಲಿ ಪದ್ಯಗಳು ‘ಓಲ್ಡ್ ಪಾಸಮ್ಸ್ ಬುಕ್ ಆಫ್ ಪ್ರಾಕ್ಟಿಕಲ್ ಕ್ಯಾಟ್ಸ್’ ಎಂದು ಪುಸ್ತಕವಾಗಿ ಬಂದವು. ಮೊದಲ ಮುದ್ರಣದ ಮುಖಪುಟಕ್ಕೆ ಚಿತ್ರ ಬರೆದವರೂ ಎಲಿಯಟ್ಟರೇ.

ಪುಸ್ತಕದಲ್ಲಿ ಒಂದೊಂದು ಪದ್ಯವೂ ಒಂದೊಂದು ಬೆಕ್ಕಿನ ವ್ಯಕ್ತಿಚಿತ್ರ. ಹಗಲೆಲ್ಲ ಮಲಗಿ ರಾತ್ರಿ ಇಲಿ ಜಿರಳೆಗಳಿಗೆ ಶಿಸ್ತು ಕಲಿಸುವ ಜೆನಿಎನಿಡಾಟ್ಸ್. ರಾತ್ರಿ ರೈಲು ತನ್ನ ಅಪ್ಪಣೆಯಿಲ್ಲದೆ ಹೊರಡುವುದಿಲ್ಲ ಎಂದುಕೊಂಡಿರುವ ಸ್ಕಿಂಬಲ್‌ಶ್ಯಾಂಕ್ಸ್. ಕ್ಲಬ್ಬಿನಿಂದ ಕ್ಲಬ್ಬಿಗೆ ಉಣ್ಣುತ್ತಲೇ ಸಾಗುವ ಡೊಳ್ಳುಹೊಟ್ಟೆಯ ಬಸ್ಟೋಫರ್ ಜೋನ್ಸ್. ಅಪರಾಧ ನಡೆದ ಜಾಗಕ್ಕೆ ಪೊಲೀಸರು ಬರುವಷ್ಟರಲ್ಲಿ ಯಾವಾಗಲೂ ಮಾಯವಾಗಿರುವ ಮ್ಯಾಕ್ಯಾವಿಟಿ. ಇವನ ಹಿಂದೆ ಷರ್ಲಾಕ್ ಹೋಮ್ಸ್‌ನ ಶತ್ರು ಮೊರಿಯಾರ್ಟಿಯ ನೆರಳಿದೆ. ಒಂದು ಕಾಲದಲ್ಲಿ ಮೆರೆದು ಈಗ ಪಂಜ ನಡುಗುತ್ತ ಹಳೆಯ ಪಾತ್ರಗಳನ್ನು ನೆನೆಯುವ ನಟ ಗಸ್. ಬಾಲವೊಂದನ್ನು ಬಿಟ್ಟರೆ ಇವರೆಲ್ಲ 1930ರ ದಶಕದ ಲಂಡನ್ನಿನ ಮನುಷ್ಯರು. ಆದ್ದರಿಂದ ನಾನೂ ‘ಅದು’ ಎನ್ನದೆ ಅವನು, ಅವಳು ಎಂದೇ ಬರೆಯುತ್ತಿದ್ದೇನೆ. ಒಬ್ಬನ ಪದ್ಯಕ್ಕೂ ಇನ್ನೊಬ್ಬನ ಪದ್ಯಕ್ಕೂ ಸಂಬಂಧವಿಲ್ಲ. ಇಡೀ ಪುಸ್ತಕ ಒಂದು ಕೇರಿಯ ಜನಗಣತಿಯಂತಿದೆ.

ಈ ಬೆಕ್ಕುಗಳ ಕುಲದ ಹೆಸರು ‘ಜೆಲಿಕಲ್’. ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ‘ಡಿಯರ್ ಲಿಟ್ಲ್ ಕ್ಯಾಟ್ಸ್’, ಅಂದರೆ ಮುದ್ದಿನ ಪುಟ್ಟ ಬೆಕ್ಕುಗಳು ಎಂಬುದನ್ನು ನಾಲಿಗೆ ಹೊರಳದ ಮಗುವಿನಂತೆ ಉಚ್ಚರಿಸಿದರೆ ಬರುವ ಸದ್ದು ಅದು. ‘ಪುವರ್ ಲಿಟ್ಲ್ ಡಾಗ್ಸ್’ ಎಂಬುದು ಅದೇ ರೀತಿ ‘ಪಾಲಿಕಲ್’ ನಾಯಿಗಳಾಯಿತು. ನಾಟಕ ನೋಡಿ ಬಂದವರು ಜೆಲಿಕಲ್ ಎಂದರೇನು ಎಂದು ತಲೆ ಕೆರೆದುಕೊಳ್ಳುವುದು ನಲವತ್ತು ವರ್ಷಗಳಿಂದಲೂ ನಡೆದಿದೆ, ಉತ್ತರ ಇಷ್ಟೇ.

ಇನ್ನು ಸಂಗೀತಗಾರ. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’, ‘ಎವಿಟಾ’ಗಳಿಂದ ಹೆಸರಾಗಿದ್ದ ಆಂಡ್ರ್ಯೂ ಲಾಯ್ಡ್ ವೆಬ್ಬರ್‌ಗೆ ಚಿಕ್ಕಂದಿನಲ್ಲಿ ತಾಯಿ ಈ ಪದ್ಯಗಳನ್ನು ಓದಿ ಹೇಳುತ್ತಿದ್ದರು. ಅಲ್ಲಿಯವರೆಗೆ ಅವರ ಕೆಲಸದ ಕ್ರಮ ಮೊದಲು ರಾಗ, ಆಮೇಲೆ ಅದಕ್ಕೆ ಹೊಂದುವ ಮಾತು. ಮೊದಲೇ ಬರೆದಿಟ್ಟ ಕವಿತೆಗೆ ರಾಗ ಹಾಕಲು ತನ್ನಿಂದ ಸಾಧ್ಯವೇ ಎಂದು ನೋಡಿಕೊಳ್ಳಲು 1977ರ ಕೊನೆಯ ಹೊತ್ತಿಗೆ ಈ ಪುಸ್ತಕವನ್ನು ಕೈಗೆತ್ತಿಕೊಂಡರು. ಶಿಶುಪ್ರಾಸದ ಬಿಗಿಯಾದ ಲಯದಲ್ಲಿದ್ದ ಪದ್ಯಗಳು ಹಾಡಾಗಲು ಕಾದು ಕೂತಂತಿದ್ದವು. ಆಗ ಅದು ನಾಟಕವಾಗುತ್ತದೆಂಬ ಯೋಚನೆ ಇರಲಿಲ್ಲ. ವೇದಿಕೆಯ ಮೇಲೆ ನಿಂತು ಹಾಡಬಹುದಾದ ಒಂದು ಗೀತಗುಚ್ಛ, ಅಷ್ಟೇ.

1980ರ ಬೇಸಿಗೆಯಲ್ಲಿ ಹ್ಯಾಂಪ್‌ಷೈರ್‌ನ ಸಿಡ್ಮಂಟನ್‌ನಲ್ಲಿ, ತಮ್ಮದೇ ಎಸ್ಟೇಟಿನಲ್ಲಿ ನಡೆಸುತ್ತಿದ್ದ ಖಾಸಗಿ ಉತ್ಸವದಲ್ಲಿ ಲಾಯ್ಡ್ ವೆಬ್ಬರ್ ಈ ಹಾಡುಗಳನ್ನು ಹಾಡಿಸಿದರು. ಎಲಿಯಟ್ಟರ ಪತ್ನಿ ವ್ಯಾಲರಿ ಎಲಿಯಟ್ ಕೇಳಲು ಬಂದಿದ್ದರು. ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ಗಂಡನ ಅಪ್ರಕಟಿತ ಹಾಳೆಗಳಲ್ಲಿ ಕೆಲವನ್ನು ತಂದಿದ್ದರು. ಅದರಲ್ಲಿ ಎಂಟು ಸಾಲಿನ ಒಂದು ತುಣುಕು: ಒಂದು ಕಾಲದಲ್ಲಿ ಚೆಲುವೆಯೆಂದು ಮೆರೆದು, ಈಗ ಬೀದಿಯಲ್ಲಿ ಅಲೆಯುವ, ಕೋಟು ಹರಿದು ಕೊಳೆಯಾದ ಗ್ರಿಜಬೆಲ್ಲಾ ಎಂಬ ಬೆಕ್ಕಿನ ಚಿತ್ರ. ಮಕ್ಕಳಿಗೆ ಇದು ತೀರಾ ದುಃಖದ್ದಾಯಿತೆಂದು ಎಲಿಯಟ್ ಪುಸ್ತಕಕ್ಕೆ ಸೇರಿಸದೆ ಬಿಟ್ಟಿದ್ದರು. ಇನ್ನೊಂದು ಹಾಳೆಯಲ್ಲಿ ಬೆಕ್ಕುಗಳು ರಸೆಲ್ ಹೋಟೆಲನ್ನು ದಾಟಿ ಮೇಲೆ ಮೇಲೆ ‘ಹೆವಿಸೈಡ್ ಲೇಯರ್’ಗೆ ಏರಿ ಹೋಗುವ ಪ್ರಸ್ತಾಪ. ಆ ಹೋಟೆಲ್ ಇದ್ದದ್ದು ಫೇಬರ್ ಕಚೇರಿಯ ನೆರೆಯಲ್ಲೇ, ರಸೆಲ್ ಚೌಕದಲ್ಲಿ. ಕಿಟಕಿಯಿಂದ ಹೊರಗೆ ನೋಡಿದ ಕವಿ ಸ್ವರ್ಗದ ದಾರಿಯನ್ನು ಅಲ್ಲಿಂದಲೇ ಹಾಕಿಕೊಟ್ಟಂತಿದೆ.

ಈ ಹೆವಿಸೈಡ್ ಲೇಯರ್ ಕಟ್ಟುಕತೆಯಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1901ರಲ್ಲಿ ಮಾರ್ಕೋನಿಯ ರೇಡಿಯೊ ಸಂಕೇತ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ವಿಜ್ಞಾನಿಗಳಿಗೆ ಒಗಟು ಎದುರಾಯಿತು. ಭೂಮಿ ದುಂಡಗಿದೆ, ಅಲೆಗಳು ನೇರ ಸಾಗಬೇಕು, ಹಾಗಾದರೆ ಬಾಗಿ ಆಚೆ ದಡಕ್ಕೆ ಹೋದದ್ದು ಹೇಗೆ? ಮರುವರ್ಷ ಬ್ರಿಟನ್ನಿನ ಆಲಿವರ್ ಹೆವಿಸೈಡ್, ಅಮೆರಿಕದಲ್ಲಿ ಆರ್ಥರ್ ಕೆನೆಲಿ, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರ ಸೂಚಿಸಿದರು: ಮೇಲಿನ ವಾತಾವರಣದಲ್ಲಿ ವಿದ್ಯುತ್ ಹರಿಯಬಲ್ಲ ಒಂದು ಪದರವಿದೆ, ಅಲೆಗಳು ಅದಕ್ಕೆ ತಾಗಿ ಕೆಳಗೆ ಮರಳುತ್ತವೆ. 1924ರಲ್ಲಿ ಎಡ್ವರ್ಡ್ ಆಪಲ್ಟನ್ ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿರುವ ಪದರವದು. ಶಾರ್ಟ್‌ವೇವ್‌ನಲ್ಲಿ ಕಿವಿಗೊಟ್ಟು ರೇಡಿಯೊ ಸಿಲೋನ್ ಹಿಡಿದ ತಲೆಮಾರಿನವರಿಗೆ ಆಕಾಶದ ಇಂಥ ಪದರಗಳ ಉಪಕಾರ ಎಷ್ಟೆಂದು ಹೇಳಬೇಕಾಗಿಲ್ಲ. ಹೋದದ್ದನ್ನು ಮರಳಿ ಭೂಮಿಗೆ ಕಳಿಸುವ ಜಾಗ ಅದು. ಬೆಕ್ಕಿನ ಸ್ವರ್ಗಕ್ಕೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಕ್ಕದು, ಏಕೆಂದರೆ ಇಂಗ್ಲಿಷರ ನಂಬಿಕೆಯಲ್ಲಿ ಬೆಕ್ಕಿಗೆ ಒಂಬತ್ತು ಜೀವ. ಎಲಿಯಟ್ ಹಾರ್ವರ್ಡ್‌ನಲ್ಲಿ ಸಂಸ್ಕೃತವನ್ನೂ ಭಾರತೀಯ ದರ್ಶನವನ್ನೂ ಓದಿದವರು, ಆದ್ದರಿಂದ ಇದು ನಮ್ಮ ಪುನರ್ಜನ್ಮವೇ ಎಂದು ಹೇಳುವ ಆಸೆ ನಮಗೆ ಆಗಬಹುದು. ಅಷ್ಟು ಅವಸರ ಬೇಡ. ಪುನರ್ಜನ್ಮದ ಕಥೆಯನ್ನು ಹೆಣೆದದ್ದು ನಾಟಕದವರು; ಎಲಿಯಟ್ ಬಿಟ್ಟುಹೋದದ್ದು ಒಂದು ಏಣಿಯನ್ನು ಮಾತ್ರ.

ವ್ಯಾಲರಿ ತಂದ ಹಾಳೆಗಳಿಂದ ನಾಟಕದ ಬೆನ್ನೆಲುಬು ಸಿಕ್ಕಿತು. ವರ್ಷಕ್ಕೊಂದು ರಾತ್ರಿ ಜೆಲಿಕಲ್ ಬೆಕ್ಕುಗಳು ಊರ ಗುಜರಿಯ ರಾಶಿಯಲ್ಲಿ ಸೇರುತ್ತವೆ. ಕುಲದ ಹಿರಿಯ ಓಲ್ಡ್ ಡ್ಯೂಟರಾನಮಿ ಅವರಲ್ಲಿ ಒಬ್ಬರನ್ನು ಆರಿಸುತ್ತಾನೆ. ಆರಿಸಿದವರು ಹೆವಿಸೈಡ್ ಲೇಯರ್‌ಗೆ ಏರಿ ಹೊಸ ಜನ್ಮ ಪಡೆಯುತ್ತಾರೆ. ಒಬ್ಬೊಬ್ಬರೂ ಬಂದು ತಮ್ಮ ಹಾಡು ಹಾಡುತ್ತಾರೆ, ಅಥವಾ ಅವರ ಬಗ್ಗೆ ಉಳಿದವರು ಹಾಡುತ್ತಾರೆ. ಗ್ರಿಜಬೆಲ್ಲಾ ಹತ್ತಿರ ಬಂದಾಗಲೆಲ್ಲ ಎಲ್ಲರೂ ಸರಿದು ನಿಲ್ಲುತ್ತಾರೆ. ಕೊನೆಗೆ ಅವಳೇ ಆಯ್ಕೆಯಾಗುತ್ತಾಳೆ, ದೈತ್ಯಾಕಾರದ ಟೈರೊಂದರ ಮೇಲೆ ನಿಂತು ಮೇಲಕ್ಕೆ ಹೋಗುತ್ತಾಳೆ. ಮುಗಿಯಿತು.

ನಡುವೆ ಸಂಭಾಷಣೆ ಸೇರಿಸಿ ಕಥೆಯನ್ನು ದಪ್ಪ ಮಾಡಬಹುದಿತ್ತಲ್ಲ ಎಂದರೆ, ಎಲಿಯಟ್ಟರ ವಾರಸುದಾರರ ಕಡೆಯಿಂದ ಅದಕ್ಕೆ ಎಡೆಯಿರಲಿಲ್ಲ. ರಂಗದ ಮೇಲೆ ಬರುವ ಮಾತು ಎಲಿಯಟ್ಟರ ಬರಹದಿಂದಲೇ ಬರಬೇಕು. ಹೊರಗಿನವರು ಸಂಭಾಷಣೆ ಬರೆದು ಹೊಲಿಯುವಂತಿಲ್ಲ. ಹೀಗಾಗಿ ನಿರ್ದೇಶಕ ಟ್ರೆವರ್ ನನ್ ಕೈಯಲ್ಲಿ ಇದ್ದದ್ದು ಪರಿಚಯಗಳ ಸಾಲು. ಯಕ್ಷಗಾನ ನೋಡಿದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಇಡೀ ರಾತ್ರಿ ಒಡ್ಡೋಲಗವೇ ನಡೆದು, ಪ್ರಸಂಗ ಬೆಳಗಿನ ಜಾವಕ್ಕೆ ಹತ್ತು ನಿಮಿಷದಲ್ಲಿ ಮುಗಿದರೆ ಹೇಗೋ ಹಾಗೆ. ಹೊಸ ವೇಷ ಬರುತ್ತದೆ, ಕುಣಿಯುತ್ತದೆ, ತಾನು ಯಾರೆಂದು ಸಾರುತ್ತದೆ, ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ. ಬ್ರಾಡ್‌ವೇಯ ಹೆಸರಾಂತ ನಿರ್ದೇಶಕ ಹ್ಯಾಲ್ ಪ್ರಿನ್ಸ್‌ಗೆ ಇದನ್ನು ನಂಬಲಾಗಲಿಲ್ಲವಂತೆ. ಇದರೊಳಗೆ ಬ್ರಿಟಿಷ್ ರಾಜಕೀಯದ ರೂಪಕವಿರಬೇಕು, ಈ ಬೆಕ್ಕು ವಿಕ್ಟೋರಿಯಾ ರಾಣಿ, ಆ ಬೆಕ್ಕು ಅವಳ ಪ್ರಧಾನಿ ಡಿಸ್ರೇಲಿ, ಹೌದೇ ಎಂದು ಕೇಳಿದರಂತೆ. ಇದು ಬೆಕ್ಕುಗಳ ಬಗ್ಗೆ ಇರುವ ನಾಟಕ ಎಂದಷ್ಟೇ ಲಾಯ್ಡ್ ವೆಬ್ಬರ್ ಉತ್ತರಿಸಿದರಂತೆ.

ಕಥೆ ಹಿಡಿದಿಡದ ಪ್ರೇಕ್ಷಕನನ್ನು ಬೇರೆ ಯಾವುದಾದರೂ ಹಿಡಿಯಬೇಕಲ್ಲ. ಮೊದಲನೆಯದು ಸಂಗೀತ. ಪ್ರತಿ ಬೆಕ್ಕಿಗೂ ಅದರ ಜಾಯಮಾನಕ್ಕೆ ಒಪ್ಪುವ ಬೇರೆ ಬೇರೆ ಶೈಲಿ. ಹೆಣ್ಣುಗಳ ಹಿಂಡು ಹಿಂದೆ ಹಾಕಿಕೊಂಡು ತಿರುಗುವ ರಮ್ ಟಮ್ ಟಗ್ಗರ್‌ಗೆ ರಾಕ್, ಮ್ಯಾಕ್ಯಾವಿಟಿಗೆ ಪತ್ತೇದಾರಿ ಚಿತ್ರಗಳ ಹೊಗೆಯಾಡುವ ಜಾಜ್, ಮುದಿನಟ ಗಸ್‌ಗೆ ಹಳೆಯ ಕಾಲದ ಮೆಲುದನಿಯ ಹಾಡು, ಗಸ್ ನೆನೆಯುವ ಕಡಲುಗಳ್ಳನ ದೃಶ್ಯಕ್ಕೆ ಇಟಾಲಿಯನ್ ಆಪೆರಾದ ಅಣಕ. ಒಂದು ಹಾಡು ಹಿಡಿಸದಿದ್ದರೆ ಐದು ನಿಮಿಷ ತಾಳಿದರೆ ಸಾಕು, ಬೇರೆಯದು ಬರುತ್ತದೆ.

ಆದರೂ ಜನರು ಗುನುಗುತ್ತ ಹೊರಗೆ ಬಂದದ್ದು ಒಂದೇ ಹಾಡನ್ನು. ಗ್ರಿಜಬೆಲ್ಲಾ ಹಾಡುವ ‘ಮೆಮರಿ’. ಇದರ ರಾಗ ಬೆಕ್ಕುಗಳಿಗಾಗಿ ಹುಟ್ಟಿದ್ದಲ್ಲ. ಪುಚ್ಚಿನಿ ಮತ್ತು ಲಿಯೊನ್‌ಕವಾಲೊ ಎಂಬ ಇಬ್ಬರು ಇಟಾಲಿಯನ್ ಸಂಗೀತಗಾರರು ಒಂದೇ ಕಥೆಯ ಮೇಲೆ ಪೈಪೋಟಿಯಿಂದ ಆಪೆರಾ ಬರೆದ ಪ್ರಸಂಗವನ್ನು ನಾಟಕ ಮಾಡುವ ಯೋಜನೆ ಲಾಯ್ಡ್ ವೆಬ್ಬರ್‌ಗೆ ಇತ್ತು. ಅದು ಕೈಬಿಟ್ಟುಹೋಯಿತು, ರಾಗ ಉಳಿಯಿತು. ರಾಗ ಎಷ್ಟು ಪರಿಚಿತವೆನ್ನಿಸುತ್ತಿತ್ತೆಂದರೆ, ಸಂಗೀತದ ಅಧ್ಯಾಪಕರಾಗಿದ್ದ ತಂದೆಗೆ ಕೇಳಿಸಿ, ಇದನ್ನು ನಾನು ಎಲ್ಲಿಂದಲಾದರೂ ಕದ್ದಿದ್ದೇನೆಯೇ ಎಂದು ವಿಚಾರಿಸಿದರಂತೆ. ಮಾತಿನ ತೊಂದರೆ ಬೇರೆ. ಗ್ರಿಜಬೆಲ್ಲಾಗೆ ಎಲಿಯಟ್ ಬರೆದದ್ದು ಎಂಟೇ ಸಾಲು. ಕೊನೆಗೆ ಟ್ರೆವರ್ ನನ್ ಎಲಿಯಟ್ಟರ ಆರಂಭಕಾಲದ ‘ರ್‍ಯಾಪ್ಸಡಿ ಆನ್ ಎ ವಿಂಡಿ ನೈಟ್’ ಎಂಬ ಗಂಭೀರ ಕವಿತೆಗೆ ಕೈ ಹಾಕಿದರು. ಬೀದಿದೀಪ, ನಡುರಾತ್ರಿ, ನೆನಪು ಕಳೆದುಕೊಂಡ ಚಂದ್ರ, ಎಲ್ಲವೂ ಅಲ್ಲಿಂದ ಬಂದವು. ಎಂದರೆ ನಾಟಕದ ಅತ್ಯಂತ ಜನಪ್ರಿಯ ಹಾಡು ಮಕ್ಕಳ ಪುಸ್ತಕದ ಹೊರಗಿನಿಂದ, ನಾವು ತರಗತಿಯಲ್ಲಿ ಓದುವ ಎಲಿಯಟ್‌ನಿಂದ ಬಂದದ್ದು. ಇದು ನನಗೆ ಬಹಳ ಇಷ್ಟವಾದ ವಿವರ.

ಗ್ರಿಜಬೆಲ್ಲಾ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಜೂಡಿ ಡೆಂಚ್. ತಾಲೀಮಿನ ವೇಳೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಅವರು ಪಾತ್ರ ಬಿಡಬೇಕಾಯಿತು. ‘ಎವಿಟಾ’ದಿಂದ ಹೆಸರು ಗಳಿಸಿದ್ದ ಎಲೇನ್ ಪೇಜ್ ಕೊನೆಯ ಗಳಿಗೆಯಲ್ಲಿ ಬಂದು ಸೇರಿದರು, ‘ಮೆಮರಿ’ ಅವರ ಹೆಸರಿಗೇ ಅಂಟಿಕೊಂಡಿತು. ಡೆಂಚ್ ಅವರನ್ನು ನೆನಪಿಡಿ, ಮತ್ತೆ ಬರುತ್ತಾರೆ.

ಎರಡನೆಯ ಹಿಡಿತ ನೃತ್ಯದ್ದು. ಕುಣಿತದ ಸಂಗೀತ ನಾಟಕವೆಂದರೆ ಅಮೆರಿಕನ್ನರ ಸೊತ್ತು, ಬ್ರಿಟಿಷರಿಗೆ ಅದು ಒಗ್ಗದು ಎಂಬುದು ಆಗ ರಂಗಭೂಮಿಯವರ ಅಭಿಪ್ರಾಯ. ಬ್ಯಾಲೆಯಲ್ಲಿ ಪಳಗಿದ್ದ ನೃತ್ಯ ನಿರ್ದೇಶಕಿ ಗಿಲಿಯನ್ ಲಿನ್ ಅದನ್ನು ಸುಳ್ಳು ಮಾಡಿದರು. ಬೆಕ್ಕಿನ ವೇಷ ಹಾಕುವುದು ಸುಲಭ, ಬೆಕ್ಕಾಗುವುದು ಕಷ್ಟ. ತಾಲೀಮಿನಲ್ಲಿ ನಟರು ಗಂಟೆಗಟ್ಟಲೆ ನೆಲದ ಮೇಲೆ ತೆವಳಿ, ಮೈ ನೆಕ್ಕಿ, ಮುದುಡಿ ಮಲಗಿ, ಸದ್ದಾದರೆ ಥಟ್ಟನೆ ತಲೆಯೆತ್ತಿ ಅಭ್ಯಾಸ ಮಾಡಬೇಕಿತ್ತು. ನಡುವಿನ ಸಮೂಹ ನೃತ್ಯವೊಂದು ಎಷ್ಟು ದೀರ್ಘವಾಗಿದೆಯೆಂದರೆ, ಅದು ಮುಗಿಯುವ ಹೊತ್ತಿಗೆ ಪ್ರೇಕ್ಷಕರಿಗೇ ಏದುಸಿರು ಬರುತ್ತದೆ. ಹಾಡುತ್ತಲೇ ಇದನ್ನು ಕುಣಿಯಬೇಕು, ಮಾರನೆಯ ದಿನ ಮತ್ತೆ ಕುಣಿಯಬೇಕು. 2018ರಲ್ಲಿ ನ್ಯೂ ಲಂಡನ್ ಥಿಯೇಟರ್‌ಗೇ ‘ಗಿಲಿಯನ್ ಲಿನ್ ಥಿಯೇಟರ್’ ಎಂದು ಮರುನಾಮಕರಣವಾಯಿತು. ರಾಣಿ, ರಾಜಕುಮಾರಿಯರಲ್ಲದ ಮಹಿಳೆಯೊಬ್ಬರ ಹೆಸರು ಲಂಡನ್ನಿನ ರಂಗಮಂದಿರಗಳ ಬಡಾವಣೆಯಾದ ವೆಸ್ಟ್ ಎಂಡ್‌ನ ಥಿಯೇಟರ್‌ಗೆ ಬಂದದ್ದು ಅದೇ ಮೊದಲು. ಅದೇ ವರ್ಷದ ಜುಲೈನಲ್ಲಿ ಅವರು ತೀರಿಕೊಂಡರು.

ಮೂರನೆಯದು ಜಾಗ. ವಿನ್ಯಾಸಕಾರ ಜಾನ್ ನೇಪಿಯರ್ ರಂಗವನ್ನು ಗುಜರಿಯಾಗಿಸಿ ಪ್ರತಿ ವಸ್ತುವನ್ನೂ ಬೆಕ್ಕಿನ ಕಣ್ಣಿಗೆ ಕಾಣುವ ಗಾತ್ರಕ್ಕೆ ಹಿಗ್ಗಿಸಿದರು. ಎಸೆದ ಬೂಟು ಮನುಷ್ಯನೆತ್ತರ ನಿಂತಿದೆ, ಟೈರು ಕಟ್ಟೆಯಂತೆ ಬಿದ್ದಿದೆ. ನ್ಯೂ ಲಂಡನ್ ಥಿಯೇಟರ್‌ನಲ್ಲಿ ರಂಗದ ಜೊತೆಗೆ ಪ್ರೇಕ್ಷಕರ ಕುರ್ಚಿಗಳ ಒಂದು ಭಾಗವೇ ತಿರುಗುತ್ತಿತ್ತು. ಕತ್ತಲಲ್ಲಿ ಬೆಕ್ಕುಗಳು ಪ್ರೇಕ್ಷಕರ ನಡುವಿನಿಂದಲೇ ನುಸುಳಿ ಬರುತ್ತಿದ್ದವು, ಕಾಲಿಗೆ ಮೈ ಉಜ್ಜುತ್ತಿದ್ದವು. ಮೈಗಂಟಿದ ಬಣ್ಣದ ಉಡುಪು, ಯಾಕ್ ಪ್ರಾಣಿಯ ಕೂದಲಿನ ಟೋಪನ್. ಮುಖದ ಬಣ್ಣವನ್ನು ನಟರು ತಾವೇ ಬರೆದುಕೊಳ್ಳುತ್ತಿದ್ದರು. ಮಧ್ಯಂತರದಲ್ಲೂ ಓಲ್ಡ್ ಡ್ಯೂಟರಾನಮಿ ರಂಗದ ಮೇಲೆಯೇ ಕೂತಿರುತ್ತಿದ್ದ. ಮಕ್ಕಳು ಹತ್ತಿ ಹೋಗಿ ಮಾತಾಡಿಸುತ್ತಿದ್ದರು. ಬ್ರಾಡ್‌ವೇಗೆ ಬಂದಾಗ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಫ್ರಾಂಕ್ ರಿಚ್ ಇದನ್ನು ಮಹಾ ಕೃತಿಯೆಂದೇನೂ ಹೊಗಳಲಿಲ್ಲ. ಆದರೆ ರಂಗಭೂಮಿಯಲ್ಲಿ ಮಾತ್ರ ಇರಬಲ್ಲ ಒಂದು ಇಡೀ ಕಲ್ಪನಾಲೋಕದೊಳಕ್ಕೆ ಇದು ಜನರನ್ನು ಕರೆದೊಯ್ಯುತ್ತದೆ, ಅದಕ್ಕೇ ಜನ ಬರುತ್ತಾರೆ ಎಂದು ಬರೆದರು. ಸರಿಯಾಗಿ ಕಂಡುಕೊಂಡಿದ್ದರು.

ಹಣ ಹಾಕಬೇಕಾದವರಿಗೆ ಮಾತ್ರ ಇದಾವುದೂ ಮುಂಚೆ ಕಾಣಲಿಲ್ಲ. ಸತ್ತ ಕವಿ, ಮಕ್ಕಳ ಪದ್ಯ, ಕಥೆ ಇಲ್ಲ, ತಾರೆಗೆ ಪೆಟ್ಟು, ಟಿವಿ ಸ್ಟುಡಿಯೋ ಆಗಿಹೋಗಿದ್ದ ನತದೃಷ್ಟ ಥಿಯೇಟರ್. ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂತೋಷ್ ಆಗ ದೊಡ್ಡ ಹೆಸರಿನವರಲ್ಲ. ದೊಡ್ಡ ಕುಳಗಳು ಹಿಂದೆ ಸರಿದ ಮೇಲೆ ಸಣ್ಣ ಸಣ್ಣ ಮೊತ್ತ ಹಾಕುವ ಇನ್ನೂರಕ್ಕೂ ಹೆಚ್ಚು ಜನರಿಂದ ಬಂಡವಾಳ ಕೂಡಿಸಬೇಕಾಯಿತು. ಲಾಯ್ಡ್ ವೆಬ್ಬರ್ ಮನೆಯನ್ನು ಅಡವಿಟ್ಟರು. ಮೊದಲ ರಾತ್ರಿಯೇ ಬಾಂಬ್ ಬೆದರಿಕೆ ಬಂದು ಪ್ರೇಕ್ಷಕರನ್ನು ಹೊರಗೆ ಕಳಿಸಬೇಕಾಯಿತು. ಅಪಶಕುನದ ಬೆಕ್ಕು ಅಡ್ಡ ಬಂದಂತೆಯೇ. ಅಂದು ಧೈರ್ಯ ಮಾಡಿ ಹಾಕಿದ ಸಣ್ಣ ಮೊತ್ತಗಳು ಹಲವು ಪಟ್ಟಾಗಿ ಹಿಂದಿರುಗಿದವು.

ದೀರ್ಘಕಾಲ ನಡೆಯುವ ನಾಟಕದ ಹಣಕಾಸು ಅಂಗಡಿಯ ಲೆಕ್ಕದಂತೆಯೇ ಸರಳ. ರಂಗಸಜ್ಜಿಕೆ, ಉಡುಪು, ತಾಲೀಮಿಗೆ ಮೊದಲು ಒಂದು ಗಂಟು ಹಾಕಬೇಕು. ಆಮೇಲೆ ವಾರದ ಟಿಕೆಟ್ ಹಣದಿಂದ ವಾರದ ಸಂಬಳ, ಬಾಡಿಗೆ ಕಳೆದು ಉಳಿದದ್ದು ಆ ಗಂಟನ್ನು ತೀರಿಸುತ್ತ ಹೋಗುತ್ತದೆ. ತೀರಿದ ಮೇಲೆ ಉಳಿಯುವುದೆಲ್ಲ ಲಾಭ. ವಾರದ ಟಿಕೆಟ್ ಹಣ ವಾರದ ಖರ್ಚಿಗಿಂತ ಕೆಳಗಿಳಿಯುವವರೆಗೆ ನಿಲ್ಲಿಸಲು ಕಾರಣವಿಲ್ಲ. ಹೆಚ್ಚಿನ ನಾಟಕಗಳು ಇಲ್ಲಿಯೇ ಸೋಲುತ್ತವೆ: ತಾರೆ ಬಿಟ್ಟುಹೋದರೆ ಜನ ಬರುವುದಿಲ್ಲ, ಕಥೆಯ ತಿರುವು ಊರಿಗೆಲ್ಲ ಗೊತ್ತಾದರೆ ಬರುವುದಿಲ್ಲ, ಆ ಊರಿನ ಭಾಷೆ ಬಾರದವರು ಮೊದಲೇ ಬರುವುದಿಲ್ಲ.

ಈಗ ‘ಕ್ಯಾಟ್ಸ್’ ಅನ್ನು ಇದರ ಪಕ್ಕದಲ್ಲಿಡಿ. ದಪ್ಪ ಬಣ್ಣದ ಹಿಂದೆ ಮುಖವೇ ಕಾಣದ ನಾಟಕದಲ್ಲಿ ತಾರೆಯ ಹಂಗಿಲ್ಲ. ನಟರು ಬದಲಾಗುತ್ತಾರೆ, ಬೆಕ್ಕು ಅದೇ ಇರುತ್ತದೆ. ಮರ್ಲೀನ್ ಡೇನಿಯಲ್ ಎಂಬ ನಟಿ ಬ್ರಾಡ್‌ವೇಯಲ್ಲಿ ಮೊದಲಿನಿಂದ ಕೊನೆಯವರೆಗೂ ತಂಡದಲ್ಲಿದ್ದದ್ದು ಸುದ್ದಿಯಾದದ್ದೇ ಅದು ಅಪರೂಪವಾದ್ದರಿಂದ. ಪ್ರತಿ ರಾತ್ರಿ ತೆರೆಮರೆಯಲ್ಲಿ ‘ಸ್ವಿಂಗ್’ ಎನ್ನುವ ನಟರಿರುತ್ತಾರೆ. ಒಬ್ಬೊಬ್ಬರಿಗೂ ಹಲವು ಪಾತ್ರಗಳ ಹೆಜ್ಜೆ ಬಾಯಿಪಾಠ, ಯಾರ ಕಾಲು ಉಳುಕಿದರೂ ಆ ವೇಷ ಕಟ್ಟಿ ಒಳನುಗ್ಗುವುದು ಅವರ ಕೆಲಸ. ಬಯಲಾಗಲು ಗುಟ್ಟಿಲ್ಲ, ಆದ್ದರಿಂದ ಎರಡನೆಯ ಸಲ ನೋಡುವವರಿಗೆ ನಷ್ಟವಿಲ್ಲ. ಮಾತು ಅರ್ಥವಾಗದ ಪ್ರವಾಸಿಗೂ, ಏಳು ವರ್ಷದ ಮಗುವಿಗೂ ಬೆಕ್ಕು ಬೆಕ್ಕೇ. ಕಪ್ಪು ಹಿನ್ನೆಲೆಯಲ್ಲಿ ಎರಡು ಹಳದಿ ಕಣ್ಣು, ಆ ಕಣ್ಣಿನ ಪಾಪೆಗಳಲ್ಲಿ ಕುಣಿಯುವ ಆಕೃತಿ: ಭಿತ್ತಿಚಿತ್ರದಲ್ಲಿ ನಟರ ಮುಖವೂ ಇಲ್ಲ. ಅದೇ ಚಿತ್ರವನ್ನು ಟೀ ಶರ್ಟಿನ ಮೇಲೂ ಲೋಟದ ಮೇಲೂ ಮಾರಿದರು. ಹಾಡು, ಹೆಜ್ಜೆ, ವೇಷವನ್ನು ಅಚ್ಚಿನಂತೆ ಬೇರೆ ಊರಿಗೆ ಒಯ್ದು ಅಲ್ಲಿನ ಭಾಷೆಯಲ್ಲಿ ಮರುಸೃಷ್ಟಿಸುವ ಪದ್ಧತಿ ಇದರಿಂದ ಗಟ್ಟಿಯಾಯಿತು. ವಿಯೆನ್ನಾದಲ್ಲಿ 1983ರಿಂದ ಜರ್ಮನ್‌ನಲ್ಲಿ ಹಾಡಿದರು. ಹ್ಯಾಂಬರ್ಗ್‌ನಲ್ಲಿ 1986ರಿಂದ 15 ವರ್ಷ ನಡೆಯಿತು. ಜಪಾನಿನ ಷಿಕಿ ತಂಡ 1983ರಲ್ಲಿ ಟೋಕಿಯೊದ ಶಿಂಜುಕುವಿನಲ್ಲಿ ಇದಕ್ಕೆಂದೇ ಡೇರೆಯಂಥ ರಂಗಮಂದಿರ ಎಬ್ಬಿಸಿ ಜಪಾನಿ ಭಾಷೆಯಲ್ಲಿ ಆಡತೊಡಗಿತು, 2019ರಲ್ಲಿ ಹತ್ತು ಸಾವಿರದ ಪ್ರದರ್ಶನ ದಾಟಿತು.

ಈ ಅಚ್ಚಿನ ಪದ್ಧತಿಗೆ ಬೈಗುಳವೂ ಸಾಕಷ್ಟು ಬಿದ್ದಿದೆ. ರಂಗಭೂಮಿಯನ್ನು ಪ್ರವಾಸಿಗರ ಅಂಗಡಿ ಮಾಡಿದರು, ಹೊಸ ನಾಟಕಗಳಿಗೆ ಸಿಗಬೇಕಾದ ಮಂದಿರಗಳನ್ನು ಎರಡು ದಶಕ ಹಿಡಿದಿಟ್ಟರು ಎಂಬ ದೂರು. ಅದರಲ್ಲಿ ಹುರುಳಿದೆ. ಅದರ ಜೊತೆಗೇ ಇನ್ನೊಂದು ಲೆಕ್ಕವೂ ಇದೆ. ನಾಟಕದಿಂದ ಬಂದ ಗೌರವಧನ ಫೇಬರ್ ಪ್ರಕಾಶನಕ್ಕೆ ದೊಡ್ಡ ಆಸರೆಯಾಯಿತು. ವ್ಯಾಲರಿ ಎಲಿಯಟ್ ಆ ಹಣದಿಂದ ಕಲೆಗಳಿಗೆ ನೆರವಾಗುವ ದತ್ತಿ ಸ್ಥಾಪಿಸಿದರು. ಕವನ ಸಂಕಲನಗಳಿಗೆ ಕೊಡುವ ಟಿ.ಎಸ್. ಎಲಿಯಟ್ ಪ್ರಶಸ್ತಿಯ ಹಣವನ್ನೂ ಒದಗಿಸುತ್ತ ಬಂದರು. ಯಾರೂ ಕೊಳ್ಳದ ಕಾವ್ಯವನ್ನು ಟೀ ಶರ್ಟಿನ ಬೆಕ್ಕುಗಳು ಸಾಕಿದವು.

ಕಥೆಯ ಕೊರತೆ ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟದ್ದು 2024ರಲ್ಲಿ ಕಂಡಿತು. ನ್ಯೂಯಾರ್ಕಿನ ಪೆರೆಲ್ಮನ್ ಕಲಾಕೇಂದ್ರದಲ್ಲಿ ‘ಕ್ಯಾಟ್ಸ್: ದ ಜೆಲಿಕಲ್ ಬಾಲ್’ ಎಂಬ ಹೊಸ ರೂಪ ಬಂದಾಗ ಬಾಲ, ಮೀಸೆ, ಗುಜರಿ ಎಲ್ಲವನ್ನೂ ಬಿಟ್ಟಿದ್ದರು. ‘ಬಾಲ್’ ಎಂದರೆ ನೃತ್ಯಕೂಟ. ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೊ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಬೆಳೆದ ಸ್ಪರ್ಧಾಕೂಟಗಳಿಗೂ ಅದೇ ಹೆಸರು. ಅಲ್ಲಿ ಒಬ್ಬೊಬ್ಬರೂ ಬಂದು ತಮ್ಮ ವರ್ಗದಲ್ಲಿ ನಡೆದು, ಕುಣಿದು, ಮೆರೆದು ತೋರಿಸುತ್ತಾರೆ. ತೀರ್ಪುಗಾರರು ಗೆದ್ದವರನ್ನು ಹೇಳುತ್ತಾರೆ. ಎಲಿಯಟ್ಟರ ಪದ್ಯಗಳು ಆ ಚೌಕಟ್ಟಿಗೆ ಬೆರಳಿಗೆ ಉಂಗುರದಂತೆ ಕೂತವು. ಗಟ್ಟಿ ಕಥೆಯಿದ್ದ ನಾಟಕವಾಗಿದ್ದರೆ ಇಷ್ಟು ಸಲೀಸಾಗಿ ಮನೆ ಬದಲಿಸುವುದಕ್ಕೆ ಆಗುತ್ತಿರಲಿಲ್ಲ.

ಮನೆ ಬದಲಿಸಲು ಹೋಗಿ ಮುಗ್ಗರಿಸಿದ್ದು ಸಿನಿಮಾ. 2019ರ ಡಿಸೆಂಬರಿನಲ್ಲಿ ಟಾಮ್ ಹೂಪರ್ ನಿರ್ದೇಶನದ ಚಿತ್ರ ಬಂತು. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ತುಪ್ಪಳವನ್ನು ಮನುಷ್ಯರ ಮೈಗೆ ಅಂಟಿಸಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತಿದ್ದಿದ ಪ್ರತಿಯನ್ನು ಚಿತ್ರಮಂದಿರಗಳಿಗೆ ಮತ್ತೆ ಕಳಿಸುವ ಪಾಡಾಯಿತು. ಯಾಕೆ ಕೆಟ್ಟಿತು? ರಂಗದ ಮೇಲೆ ಯಾಕ್ ಕೂದಲಿನ ಟೋಪನ್ ಧರಿಸಿದವನು ಬೆಕ್ಕಿನ ಪಾತ್ರ ಮಾಡುತ್ತಿರುವ ನಟನೆಂದು ಎಲ್ಲರಿಗೂ ಗೊತ್ತು. ಉಳಿದ ಅರ್ಧವನ್ನು ನೋಡುವವರ ಕಲ್ಪನೆ ತುಂಬುತ್ತದೆ, ಆ ತುಂಬುವುದರಲ್ಲೇ ಖುಷಿ. ವೇಷಧಾರಿಯ ಕಿರೀಟ ಮರದ್ದೆಂದು ಯಾರೂ ತಕರಾರು ಮಾಡುವುದಿಲ್ಲ. ಚಿತ್ರ ನಮಗೆ ಆ ಕೆಲಸವನ್ನೇ ಬಿಡಲಿಲ್ಲ. ಒಂದೊಂದು ರೋಮವನ್ನೂ ನಿಜದಂತೆ ತೋರಿಸಿದ ಮೇಲೆ ಕಣ್ಣು ಬೇರೆ ಪ್ರಶ್ನೆಗಳನ್ನು ಕೇಳತೊಡಗುತ್ತದೆ: ಈ ಬೆಕ್ಕಿಗೆ ಮನುಷ್ಯರ ಬೆರಳೇಕೆ, ಆ ಬೆಕ್ಕು ತುಪ್ಪಳದ ಮೇಲೆ ತುಪ್ಪಳದ ಕೋಟು ತೊಟ್ಟದ್ದೇಕೆ? ಇದರ ಮೇಲೆ ಕಥೆಯ ಕೊರತೆ ನೀಗಿಸಲು ವಿಕ್ಟೋರಿಯಾ ಎಂಬ ಎಳೆಯ ಬಿಳಿಬೆಕ್ಕನ್ನು ಊರಿಗೆ ಹೊಸಬಳಾಗಿ ಮಾಡಿ ನಾಯಕಿಯ ಸ್ಥಾನದಲ್ಲಿ ಕೂರಿಸಿದರು. ನಲವತ್ತು ವರ್ಷ ಯಾರಿಗೂ ಬೇಕಾಗಿರದಿದ್ದ ಕಥೆ ಅದು.

ಆ ಚಿತ್ರದಲ್ಲಿ ಓಲ್ಡ್ ಡ್ಯೂಟರಾನಮಿಯನ್ನು ಹೆಣ್ಣಾಗಿಸಿದ್ದರು. ಪಾತ್ರ ಮಾಡಿದವರು ಜೂಡಿ ಡೆಂಚ್. 1981ರಲ್ಲಿ ಕಾಲು ಕೈಕೊಟ್ಟು ಕಳೆದುಹೋದ ನಾಟಕಕ್ಕೆ ಮೂವತ್ತೆಂಟು ವರ್ಷಗಳ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಮರಳಿ ಬಂದರು. ನಾಟಕದಲ್ಲೂ ಚಿತ್ರದಲ್ಲೂ ಗ್ರಿಜಬೆಲ್ಲಾ ಮೇಲೇರಿ ಹೋದ ನಂತರ ಇನ್ನೊಂದು ಹಾಡು ಉಳಿದಿರುತ್ತದೆ. ಬೆಕ್ಕನ್ನು ಕಂಡರೆ ಹೇಗೆ ಮಾತಾಡಿಸಬೇಕು ಎಂಬ ಪಾಠ ಅದು. ಬೆಕ್ಕು ನಾಯಿಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಟೋಪಿ ತೆಗೆದು ತಲೆಬಾಗಿ ‘ಓ ಬೆಕ್ಕೇ’ ಎನ್ನಬೇಕು. ಸಲುಗೆ ಬೆಳೆಯುವ ಮುಂಚೆ ಒಂದು ಬಟ್ಟಲು ಕೆನೆಯನ್ನೋ ಇನ್ನೇನಾದರೂ ಒಳ್ಳೆಯ ತಿಂಡಿಯನ್ನೋ ಕಾಣಿಕೆ ಕೊಡಬೇಕು. ಇಷ್ಟೆಲ್ಲ ಆದ ಮೇಲೆ ಅದರ ಹೆಸರು ಹಿಡಿದು ಕರೆಯುವ ಹಕ್ಕು ಬರುತ್ತದೆ. ಡೆಂಚ್ ಇದನ್ನು ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು, ಶಾಲೆಯ ಮುಖ್ಯೋಪಾಧ್ಯಾಯಿನಿಯ ಗತ್ತಿನಲ್ಲಿ, ಒಂದಿಷ್ಟೂ ನಗದೆ ಹೇಳುತ್ತಾರೆ.